ಡೋಂಗರ ಮತ್ತು ಮುಂಗುಸಿ

ಮಳೆ ಕೈಕೊಟ್ಟರೆ ಮನುಷ್ಯ ಏನೇನು ಮುಂದೂಡುತ್ತಾನೆ ಅನ್ನುವುದಕ್ಕೆ ಮಿತಿಯೇ ಇಲ್ಲ. ಬಿತ್ತನೆ ಮುಂದೂಡಿದ, ಸರಿ. ಮನೆಗೆ ಸುಣ್ಣ ಹಚ್ಚುವುದನ್ನು ಮುಂದೂಡಿದ, ಅದೂ ಸರಿ. ತುರೋರಿಯ ರೇವಣಪ್ಪ ಮಗಳ ಲಗ್ನವನ್ನೇ ಎರಡು ಸಲ ಮುಂದೂಡಿ, ಮೂರನೆಯ ಸಲಕ್ಕೂ ತಯಾರಾಗಿ ಕೂತಿದ್ದ. ಮಗಳು ಶಿವಕಾಂತಾಳಿಗೆ ಇದನ್ನು ನೆನೆಸಿಕೊಂಡರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ರೊಕ್ಕದ ಅಡಚಣೆ ಅಲ್ಲ. ಅಡಚಣೆ ಬಾವಿಯದು. ರೇವಣಪ್ಪನ ಮನೆತನದಲ್ಲಿ ಲಗ್ನಕ್ಕೆ ಬಂದ ಬೀಗರ ಕಾಲಿಗೆ ಹೊಲದ ಬಾವಿಯ ನೀರನ್ನೇ ಹಾಕಬೇಕೆಂಬ ಪದ್ಧತಿ. ಅವನ ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ. ಈಗ ಆ ಬಾವಿಯ ತಳದಲ್ಲಿ ಕಲ್ಲು ಕಾಣುತ್ತಿತ್ತು. ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ಕಾಗೆಗೂ ನೀರು ಸಿಗದ ಕಾಲದಲ್ಲಿ ಬೀಗರ ಕಾಲಿಗೆ ಎಲ್ಲಿಂದ ತರಬೇಕು? ಟ್ಯಾಂಕರಿನ ನೀರು ಹಾಕಿ ಮಗಳನ್ನು ಕಳಿಸಿದೆ ಅನ್ನಿಸಿಕೊಳ್ಳಲು ರೇವಣಪ್ಪ ಸುತರಾಂ ಒಪ್ಪಲಿಲ್ಲ. ಬಾವಿಗೆ ನೀರು ಬರಲಿ, ಆಮೇಲೆ ಲಗ್ನ ಎಂದು ಹಟ ಹಿಡಿದ.

ಹುಡುಗ ವೀರಭದ್ರ ನಿಲಂಗಾದ ಒಂದು ಶಾಲೆಯಲ್ಲಿ ಆಟದ ಮಾಸ್ತರ. ಅವನ ಅಪ್ಪ ಮನ್ಮಥಪ್ಪ ಉದಗೀರದಲ್ಲಿ ಬಟ್ಟೆ ಅಂಗಡಿಯ ಸಾವಕಾರ. ಸಾವಕಾರನಿಗೂ ತಾಳ್ಮೆ ಮುಗಿದಿತ್ತು. ವೈಶಾಖ ಹತ್ತಿರ ಬಂದಾಗ ಮಗನನ್ನು ಮೋಟರ್‌ಸೈಕಲ್ಲಿನ ಮುಂದೆ ಕೂರಿಸಿ, ತಾನು ಹಿಂದೆ ಕೂತು, ನೇರವಾಗಿ ಮೇವಿನ ಛಾವಣಿಗೇ ಬಂದಿಳಿದ.

ಛಾವಣಿ ಅಂದರೆ ಉಮರ್ಗಾ ರಸ್ತೆಯ ಬದಿಗೆ ತಟ್ಟು ತಡಿಕೆ ಕಟ್ಟಿ ಸುತ್ತಲಿನ ಊರುಗಳ ದನಗಳನ್ನೆಲ್ಲ ಒಂದೆಡೆ ಸಾಕುತ್ತಿದ್ದ ಜಾಗ. ದಿನಾ ಕಬ್ಬಿನ ಸೋಗೆ ಬರುತ್ತಿತ್ತು, ನೀರಿನ ಟ್ಯಾಂಕರು ಬರುತ್ತಿತ್ತು. ದನಗಳ ಜತೆಗೆ ಮನುಷ್ಯರೂ ಅಲ್ಲೇ ಗುಡಿಸಲು ಹಾಕಿಕೊಂಡು ಬಿದ್ದಿದ್ದರು. ರೇವಣಪ್ಪ, ಹೆಂಡತಿ ಗಿರಿಜಾಬಾಯಿ, ಮಗಳು ಶಿವಕಾಂತಾ ಮೂವರೂ ತಮ್ಮ ದೇವಣಿ ತಳಿಯ ಎತ್ತುಗಳ ಪಕ್ಕದಲ್ಲೇ ಸಂಸಾರ ಹೂಡಿದ್ದರು. ದನ ಮೆಲುಕು ಹಾಕುತ್ತಿದ್ದವು, ಮನುಷ್ಯರು ಮಾತು ಮೆಲ್ಲುತ್ತಿದ್ದರು. ಬೇರೆ ಕೆಲಸವೇನೂ ಇರಲಿಲ್ಲ.

"ಬೀಗರ, ಈ ವೈಶಾಖದಾಗ ಮಾಡಿಬಿಡೂಣು," ಎಂದ ಮನ್ಮಥಪ್ಪ. "ಹತ್ತು ಮಂದಿ ಬರ್ತೀವಿ. ಮನ್ಯಾಗೇ ಕಾಲು ತೊಳ್ಕೊಂಡು ಬರ್ತೀವಿ, ನೀವು ನೀರು ಹಾಕೂದೇ ಬ್ಯಾಡ."

"ಹಂಗ ಹ್ಯಾಂಗ ಆಗ್ತದ್ರೀ ಸಾವಕಾರ್ರ? ನಾಳಿ ಮಂದಿ ಏನಂದಾರು? ರೇವಣಪ್ಪ ಒಣ ಕಾಲಿನ ಬೀಗರನ್ನ ಮಂಟಪಕ್ಕ ಕರದಾ ಅನ್ನೂದಿಲ್ಲೇನು?"

"ಮಂದಿ ಬಾಯಿ ಬಿಡ್ರೀ. ಹುಡಗೂರ ವಯಸ್ಸು ನೋಡ್ರಿ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಚಹಾ ಎರಡು ಸಲ ಬಂದು ಹೋಯಿತು, ಮಾತು ಮಾತ್ರ ಒಂದು ಗೇಣೂ ಸರಿಯಲಿಲ್ಲ. ಇಬ್ಬರ ನಡುವೆ ಕೂತ ವೀರಭದ್ರ ಪಾಪ ಏನು ಮಾಡಬೇಕು? ಮೊಬೈಲು ತೆಗೆದು ತಲೆ ತಗ್ಗಿಸಿಕೊಂಡ. ಅವನಿಗೆ ಮುಷ್ಟಿಕಾಳಗದ ಹುಚ್ಚು. ಶಾಲೆಯ ಹುಡುಗರಿಗೂ ಅದನ್ನೇ ಕಲಿಸುತ್ತಿದ್ದ. ಬರುವ ಐತವಾರ ಅಮೇರಿಕಾದಲ್ಲಿ ಇಬ್ಬರು ಭಾರಿ ಆಳುಗಳ ದೊಡ್ಡ ಪಂದ್ಯವಿತ್ತು. ಅವರ ಫೋಟೋ ನೋಡುತ್ತಿದ್ದ.

ರೇವಣಪ್ಪನ ಕಣ್ಣು ಆ ಫೋಟೋದ ಮೇಲೆ ಬಿತ್ತು. ಜಗಳ ಅಲ್ಲಿಗೇ ನಿಂತಿತು.

ಇದಕ್ಕೆ ಕಾರಣವಿತ್ತು. ರೇವಣಪ್ಪ ಸುತ್ತಲ ಹತ್ತು ಹಳ್ಳಿಯಲ್ಲಿ ಎತ್ತು ಪಾರಖು ಮಾಡುವುದರಲ್ಲಿ, ಅಂದರೆ ನೋಡಿಯೇ ಗುಣ ಅಳೆಯುವುದರಲ್ಲಿ, ಹೆಸರಾದವನು. ದೇವಣಿಯ ದನದ ಸಂತೆಯಲ್ಲಿ ಅವನು ಹೋರಿಯ ಡುಬ್ಬ ಮುಟ್ಟಿ ತಲೆಯಾಡಿಸಿದ ಮೇಲೇ ಜನ ಮುಂದಿನ ಮಾತಾಡುತ್ತಿದ್ದರು. ಅದೇ ಕಣ್ಣಿನಿಂದ ಕುಸ್ತಿಯ ಪೈಲವಾನರನ್ನೂ ನೋಡಿ, ಕಣಕ್ಕೆ ಮಣ್ಣು ಎರಚುವ ಮೊದಲೇ ಗೆಲ್ಲುವವನು ಯಾರೆಂದು ಹೇಳುತ್ತಿದ್ದ. ಈತನಕ ಒಮ್ಮೆಯೂ ತಪ್ಪಿರಲಿಲ್ಲ ಎಂದು ಅವನೇ ಹೇಳುತ್ತಿದ್ದ. ಉಳಿದವರೂ ಹೆಚ್ಚುಕಡಿಮೆ ಒಪ್ಪುತ್ತಿದ್ದರು.

"ಯಾರಿವ್ರು?" ಎಂದು ಮೊಬೈಲು ಇಸಿದುಕೊಂಡ.

ಒಬ್ಬನು ಬರಾನೊವ್. ಏಳಡಿಗೆ ಸ್ವಲ್ಪ ಕಡಿಮೆ, ಎದೆ ಕಣಜದಷ್ಟು ಅಗಲ, ಮುಖದಲ್ಲಿ ನಗುವಿಲ್ಲ. ಇನ್ನೊಬ್ಬನು ಪಿಂಕ್ನಿ. ಭುಜದಗಲ ಅಷ್ಟೇ ಇದ್ದರೂ ಎತ್ತರದಲ್ಲಿ ಮೊದಲಿನವನ ಗದ್ದಕ್ಕೂ ಬರುತ್ತಿರಲಿಲ್ಲ. ಕಣ್ಣು ಮಾತ್ರ ಒಂದು ಕಡೆ ನಿಲ್ಲುವಂತೆ ಕಾಣಲಿಲ್ಲ. ಆ ಹೆಸರುಗಳು ಛಾವಣಿಯ ನಾಲಗೆಗೆ ಹೊರಳುವುದು ಸಾಧ್ಯವಿರಲಿಲ್ಲ. ಗುಡ್ಡಕ್ಕೆ ಮರಾಠಿಯವರು ಅನ್ನುವ ಹಾಗೆ ಮೊದಲಿನವನು ಡೋಂಗರ ಆದ, ಎರಡನೆಯವನು ಮುಂಗುಸಿ ಆದ.

"ಈ ಡೋಂಗರನ ತೊಡಿ ನೋಡ್ರಿ," ಎಂದ ರೇವಣಪ್ಪ. "ನೆಲಾ ಹಿಡದು ನಿಂತಾನ. ಖರೇ ದೇವಣಿ ಹೋರಿ ಹಿಂಗೇ ನಿಂದರ್ತದ. ಹೊಡಿಸ್ಕೊಂಡು ಹೊಡಿಸ್ಕೊಂಡು ಕಡೀಕ ಒಂದೇ ಗುದ್ದು ಗುದ್ತಾನ. ಇಂವನೇ ಗೆಲ್ಲಾಂವ."

ಸಾವಕಾರನಿಗೆ ಮುಷ್ಟಿಕಾಳಗದ ಗಂಧಗಾಳಿ ಇರಲಿಲ್ಲ. ಆದರೆ ಬೀಗರು ಹೌದೆಂದಿದ್ದಕ್ಕೆ ಹೌದು ಅನ್ನುವ ಮನಸ್ಸೂ ಅವತ್ತು ಇರಲಿಲ್ಲ. "ಅರಿವಿ ಅಗಲಾ ನೋಡಿ ತಗೊಂಡಾಂವ ಕೆಟ್ಟಾಂವ್ರೀ. ನೇಯ್ಗಿ ನೋಡ್ಬೇಕು. ಈ ಸಣ್ಣಾಂವನ ನೇಯ್ಗಿ ಬಿಗಿ ಅದ. ಇಂವಾ ನಿಮ್ಮ ಡೋಂಗರನ್ನ ಹರದು ಒಗೀತಾನ."

"ಹರೀತಾನೇನು? ಹರೀಲಿ ನೋಡೂಣು!"

ಛಾವಣಿಯ ಬಾಯಿಗೇ ಚಹಾದಂಗಡಿ ಇಟ್ಟಿದ್ದ ದತ್ತಾತ್ರಿ ಖಾಲಿ ಕಪ್ಪು ಎತ್ತಲು ಬಂದವನು ನಗುತ್ತ ಬಾಯಿ ಹಾಕಿದ. "ಇಷ್ಟ್ಯಾಕ ಜಗಳ್ರೀ? ಐತವಾರ ಮುಂಜಾನಿ ನನ್ನ ಟೀವ್ಯಾಗೇ ತೋರಿಸ್ತಾರ. ಡೋಂಗರ ಗೆದ್ರ ರೇವಣಪ್ಪಾರ ಮಾತು, ಮಳಿ ಬಂದ ಮ್ಯಾಲ ಲಗ್ನ. ಮುಂಗುಸಿ ಗೆದ್ರ ಸಾವಕಾರ್ರ ಮಾತು, ಈ ವೈಶಾಖದಾಗೇ ಲಗ್ನ."

ಅವನು ಚೇಷ್ಟೆಗೆ ಅಂದಿದ್ದ. ಆದರೆ ಇಬ್ಬರು ಹಟಮಾರಿಗಳಿಗೆ ಮರ್ಯಾದೆ ಕಳೆದುಕೊಳ್ಳದೆ ಹಿಂದೆ ಸರಿಯುವ ದಾರಿ ಬೇಕಾಗಿತ್ತೇನೋ. ಒಬ್ಬರ ಮುಖ ಒಬ್ಬರು ನೋಡಿದರು, ಹೂಂ ಅಂದೇ ಬಿಟ್ಟರು. ಸೋತವನು ಗೆದ್ದವನ ಬಾಯಿಗೆ ತನ್ನ ಕೈಯಿಂದಲೇ ಸಕ್ಕರೆ ಹಾಕಬೇಕೆಂದೂ ಮಾತಾಯಿತು. ಆ ಸೀಮೆಯಲ್ಲಿ ಬೀಗರ ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿಯಿತು. ಆಮೇಲೆ ಆಕಾಶವೇ ಕೆಳಗೆ ಬಿದ್ದರೂ ಯಾರೂ ಅದನ್ನು ತಿರುಗಿಸುವುದಿಲ್ಲ.

ಸೋಗೆಯ ಹೊರೆ ಹೊತ್ತು ಬಂದ ಶಿವಕಾಂತಾ ಇದನ್ನೆಲ್ಲ ಕೇಳಿಸಿಕೊಂಡಳು. ಹೊರೆಯನ್ನು ಎತ್ತುಗಳ ಮುಂದೆ ಧೊಪ್ಪನೆ ಕೆಡವಿದಳು. ತನ್ನ ಲಗ್ನವನ್ನು ಯಾವನೋ ಹೆಸರು ಗೊತ್ತಿಲ್ಲದವನ ಮುಷ್ಟಿಗೆ ಕಟ್ಟಿದ್ದಾರಲ್ಲ! ಅಪ್ಪನ ಮೇಲೆ ಸಿಟ್ಟು ಬಂತು, ಮಾವನಾಗುವವನ ಮೇಲೂ ಬಂತು. ಬಾಯಿ ಮುಚ್ಚಿ ಕೂತ ವೀರಭದ್ರನ ಮೇಲಂತೂ ಎಲ್ಲಕ್ಕಿಂತ ಹೆಚ್ಚು ಬಂತು.

ಅವತ್ತು ಸಂಜೆಯೇ ಟ್ಯಾಂಕರಿನ ಹಿಂದೆ ನಿಂತು ಅವನಿಗೆ ಫೋನು ಹಚ್ಚಿದಳು.

"ಖರೇ ಹೇಳ್ರಿ. ಯಾರು ಗೆಲ್ತಾರ?"

ವೀರಭದ್ರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಶಿವಕಾಂತಾ ಅವನನ್ನು ಮೆಚ್ಚಿದ್ದು ಇದೇ ಗುಣಕ್ಕೆ. ಈಗ ಅದೇ ಗುಣ ಮುಳ್ಳಾಗಿ ಚುಚ್ಚಿತು.

"ಡೋಂಗರ," ಎಂದ.

"ಸುಳ್ಳರೆ ಹೇಳಬಾರದಿತ್ತೇನ್ರೀ?"

"ಹ್ಯಾಂಗ ಹೇಳ್ಲಿ? ಅಂವನ ಕೈ ಉದ್ದ ಅದ. ಮುಂಗುಸಿ ಹತ್ರ ಹೋಗೂದ್ರಾಗೇ ಎರಡು ತಿಂತಾನ. ಉದ್ದಕ ಹ್ವಾದ್ರ ಡೋಂಗರನೇ. ಆದ್ರ ಮೊದಲ ನಾಕೈದು ರೌಂಡಿನಾಗ ಮುಂಗುಸಿ ಒಳಗ ನುಗ್ಗಿ ಪಕ್ಕಡಿಗೆ ಹೊಡದಾ ಅಂದ್ರ ಡೋಂಗರ ಬೀಳಬಹುದು. ಬಿದ್ರೂ ಮುಗೀಲಿಲ್ಲ ಮತ್ತ. ಪಂಚ, ಅಂದ್ರ ರೆಫರಿ, ಹತ್ತರ ತನಕ ಎಣಸ್ತಾನ. ಅಷ್ಟರಾಗ ಎದ್ರ ಆಟ ಮುಂದ ನಡೀತದ."

"ಬಿದ್ದಾಂವನೂ ಏಳಬಹುದೇನು?"

"ಏಳಬಹುದು. ಇದು ಕುಸ್ತಿ ಅಲ್ಲ."

ಶಿವಕಾಂತಾ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು. ಮುಂದಿನ ದಿನಗಳಲ್ಲಿ ಅವನು ಕಳಿಸಿದ ಹಳೆಯ ಪಂದ್ಯಗಳ ವಿಡಿಯೋಗಳನ್ನೆಲ್ಲ ಸೆಗಣಿ ಬಾಚುವ ನಡುನಡುವೆ ನೋಡಿದಳು. ಮುಂಗುಸಿ ತಲೆ ತಗ್ಗಿಸಿ ಎಡಕ್ಕೆ ಸರಿಯುವುದನ್ನು ನೋಡಿ ನೋಡಿ ತಾನೂ ಎಡಕ್ಕೆ ಸರಿಯತೊಡಗಿದಳು. "ಈ ಹುಡಿಗಿಗಿ ಏನಾಗ್ಯದೋ," ಎಂದು ಗಿರಿಜಾಬಾಯಿ ದೃಷ್ಟಿ ತೆಗೆದಳು.

ಅಷ್ಟರಲ್ಲಿ ಛಾವಣಿಯೇ ಎರಡು ಪಾಲಾಗಿತ್ತು. ಹಾಲು ಹಿಂಡುವಾಗ ಅದೇ ಮಾತು, ನೀರಿಗೆ ಪಾಳಿ ಹಚ್ಚಿದಾಗ ಅದೇ ಮಾತು. ಗಂಡಸರಲ್ಲಿ ಬಹಳ ಮಂದಿ ರೇವಣಪ್ಪನ ಕಣ್ಣನ್ನು ನಂಬಿ ಡೋಂಗರನ ಕಡೆ ನಿಂತರು. ಹೆಂಗಸರು ಶಿವಕಾಂತಾಳ ಮುಖ ನೋಡಿ ಮುಂಗುಸಿಯ ಕಡೆ ನಿಂತರು. ಲಾರಿ ನಿಲ್ಲಿಸಿ ಚಹಾ ಕುಡಿಯುವ ಡ್ರೈವರುಗಳೂ ಕೇಳಿಕೊಂಡು ಹೋಗಿ, ಹೈದರಾಬಾದಿನ ದಾರಿಯುದ್ದಕ್ಕೂ ಸುದ್ದಿ ಹಚ್ಚಿದರು. ಮಳೆಯ ಮಾತು ಬಿಟ್ಟು ಬೇರೆ ಮಾತಾಡದ ಜನ ಆ ವಾರ ಮಳೆಯನ್ನೇ ಮರೆತರು.

ಐತವಾರ ಬಂತು. ಅಲ್ಲಿಯ ರಾತ್ರಿ ನಮಗೆ ಮುಂಜಾನೆ. ದತ್ತಾತ್ರಿ ಕರೆಂಟನ್ನು ನಂಬದೆ ಟೀವಿಗೆ ಲಾರಿಯ ಬ್ಯಾಟರಿ ಜೋಡಿಸಿದ್ದ. ಅಂಗಡಿಯ ಮುಂದೆ ಸೋಗೆ ಹಾಸಿ ಜನ ಕೂತರು. ಮನ್ಮಥಪ್ಪ ಹೊಸ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಉದಗೀರದಿಂದ ಮಗನ ಜತೆ ಬಂದು ಮುಂದೆ ಕೂತ. ಪಕ್ಕದಲ್ಲಿ ರೇವಣಪ್ಪ ಮೀಸೆ ತೀಡುತ್ತಿದ್ದ. ಸಕ್ಕರೆಯ ಬಟ್ಟಲನ್ನು ಹಿಡಿದು ಶಿವಕಾಂತಾ ಅಪ್ಪನ ಹಿಂದೆ ನಿಂತಳು.

ಗಂಟೆ ಹೊಡೆಯಿತು. ಮೊದಲನೆಯ ಸುತ್ತಿನಲ್ಲಿ ಡೋಂಗರ ಉದ್ದನೆಯ ಎಡಗೈ ಚಾಚಿ ಮುಂಗುಸಿಯನ್ನು ದೂರವೇ ಇಟ್ಟ. ಹತ್ತಿರ ಬಂದರೆ ಗುದ್ದು, ಸರಿದರೆ ಮತ್ತೆ ಗುದ್ದು. "ನಾ ಹೇಳ್ಲಿಲ್ಲೇನು?" ಎಂದ ರೇವಣಪ್ಪ. ಎರಡನೆಯದರಲ್ಲಿಯೂ ಅದೇ. ಮೂರನೆಯದರಲ್ಲಿ ಮುಂಗುಸಿಯ ಹುಬ್ಬು ಒಡೆಯಿತು. ಮನ್ಮಥಪ್ಪ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಅನ್ನತೊಡಗಿದ. ಒಳಗ ಹೋಗೋ, ಒಳಗ ಹೋಗೋ ನಮ್ಮಪ್ಪಾ ಎಂದು ಶಿವಕಾಂತಾ ಮನಸ್ಸಿನಲ್ಲೇ ಒದರುತ್ತಿದ್ದಳು.

ನಾಲ್ಕನೆಯ ಸುತ್ತಿನಲ್ಲಿ ಒಳಗೆ ಹೋದ. ತಲೆ ತಗ್ಗಿಸಿ, ಎಡಕ್ಕೆ ಸರಿದು, ಆ ಉದ್ದನೆಯ ಕೈಯ ಕೆಳಗೆ ನುಸುಳಿ ಪಕ್ಕೆಗೆ ಒಂದು ಬಿಟ್ಟ. ಡೋಂಗರ ಬಾಗಿದ. ಬಾಗಿದವನ ದವಡೆಗೆ ಇನ್ನೊಂದು ಬಿತ್ತು. ಅಷ್ಟು ದೊಡ್ಡ ದೇಹ ಒಮ್ಮೆ ತೂಗಾಡಿ, ಹಿಂದಕ್ಕೆ ಬಿದ್ದು, ಎರಡೂ ಭುಜ ನೆಲಕ್ಕೆ ಹತ್ತಿದವು.

"ಚಿತ್! ಚಿತ್ ಆದ!"

ಛಾವಣಿಯೇ ಎದ್ದು ನಿಂತಿತು. ಹೆಂಗಸರು ಸೆರಗು ಬೀಸಿದರು, ದನಗಳು ಬೆದರಿ ಹಗ್ಗ ಜಗ್ಗಿದವು. ಕುಸ್ತಿ ನೋಡಿ ಬೆಳೆದ ಮಂದಿ. ಬೆನ್ನು ಮಣ್ಣಿಗೆ ಹತ್ತಿತೆಂದರೆ ಅಲ್ಲಿಗೆ ಮುಗಿಯಿತು, ಅದರ ಮುಂದೆ ಇನ್ನೇನಾದರೂ ಇರಬಹುದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ವೀರಭದ್ರನಿಗೆ ಮಾತ್ರ ಗೊತ್ತಿತ್ತು. ಅವನು ಮಾಸ್ತರಿಕೆಯ ಚಾಳಿಯಿಂದ ಕೈ ಮೇಲೆತ್ತಿ, ಟೀವಿಯ ಪಂಚನ ಜತೆ ತಾನೂ ಏಕ್, ದೋನ್, ತೀನ್ ಎಂದು ಎಣಿಸುತ್ತಿದ್ದ. ಜನ ಅದನ್ನು ಜೈಕಾರ ಎಂದುಕೊಂಡು ಅವನ ಜತೆಗೇ ಚಾರ್, ಪಾಚ್ ಎಂದು ಕೂಗತೊಡಗಿದರು.

ಶಿವಕಾಂತಾಳಿಗೂ ಗೊತ್ತಿತ್ತು.

ಅಪ್ಪನ ಮುಖ ನೋಡಿದಳು. ಬಣ್ಣ ಇಳಿದಿತ್ತು. ಜೀವನದಲ್ಲಿ ಮೊದಲ ಸಲ ಅಂದಾಜು ತಪ್ಪಿದ ಮನುಷ್ಯ. ಆದರೆ ಮಾತಿನ ಮನುಷ್ಯ. ಕೈ ಹಿಂದಕ್ಕೆ ಚಾಚಿ, "ತಾ ಇಲ್ಲಿ," ಎಂದ.

ಒಂದು ಮಾತು ಅಂದಿದ್ದರೆ ಸಾಕಿತ್ತು. ತಡೀರಿ ಅಪ್ಪಾ, ಇನ್ನಾ ಮುಗಿದಿಲ್ಲ ಅನ್ನಬಹುದಿತ್ತು. ಅವಳು ಅನ್ನಲಿಲ್ಲ. ಬಟ್ಟಲನ್ನು ಅಪ್ಪನ ಕೈಗೆ ತುರುಕಿದಳು. ತುರುಕಿದ ರಭಸಕ್ಕೆ ಅರ್ಧ ಸಕ್ಕರೆ ಸಾವಕಾರನ ಹೊಸ ಧೋತರದ ಮೇಲೆ ಚೆಲ್ಲಿತು.

"ಸೋತೆ ಬೀಗರ. ಈ ವೈಶಾಖದಾಗೇ ಲಗ್ನ," ಎಂದು ರೇವಣಪ್ಪ ಉಳಿದ ಸಕ್ಕರೆಯನ್ನು ಒಂದೇ ಹಿಡಿಗೆ ಎತ್ತಿ ಮನ್ಮಥಪ್ಪನ ಬಾಯಿಗೆ ಹಾಕಿ, ಖಾಲಿ ಬಟ್ಟಲನ್ನು ಹಿಂದೆ ಮಗಳ ಕೈಗೆ ಕೊಟ್ಟ.

"ಆಠ್! ನವ್!" ಎಂದು ಜನ ಕೂಗಿದರು.

ಟೀವಿಯಲ್ಲಿ ಡೋಂಗರ ಒಂದು ಮೊಣಕಾಲೂರಿ, ಹಗ್ಗ ಹಿಡಿದು, ಎದ್ದು ನಿಂತ.

ಜೈಕಾರ ಅರ್ಧಕ್ಕೇ ನಿಂತಿತು. ಮುಂಗುಸಿ ಮತ್ತೆ ಮೇಲೆ ಬೀಳಲು ಹೋದ, ಅಷ್ಟರಲ್ಲಿ ಗಂಟೆ ಹೊಡೆಯಿತು. "ಇದೇನಪಾ? ಬಿದ್ದಾಂವ ಎದ್ದಾನಲ್ಲ?" ಎಂದು ಒಬ್ಬ. "ಮೋಸ! ಚಿತ್ ಆದಾಂವ ಹ್ಯಾಂಗ ಎದ್ದಾ?" ಎಂದು ಇನ್ನೊಬ್ಬ. ಆಗ ವೀರಭದ್ರ ಎಲ್ಲರಿಗೂ ಹತ್ತರ ಎಣಿಕೆಯ ಕಾಯಿದೆ ಬಿಡಿಸಿ ಹೇಳಬೇಕಾಯಿತು. ಒಳ್ಳೆಯ ಹೊತ್ತಿಗೆ ಪಾಠ ಹೇಳಿದ ಮಾಸ್ತರ! ಮನ್ಮಥಪ್ಪ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ನುಂಗಬೇಕೋ ಉಗುಳಬೇಕೋ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದ.

ಐದು, ಆರು. ಮುಂಗುಸಿಯ ಕಾಲುಗಳು ಭಾರವಾದವು. ಪಕ್ಕಕ್ಕೆ ಸರಿಯುವುದು ನಿಂತಿತು. ಏಳನೆಯ ಸುತ್ತಿನಲ್ಲಿ ಡೋಂಗರ ಅವನನ್ನು ಮೂಲೆಗೆ ಒತ್ತಿ, ಬಲಗೈಯ ಒಂದೇ ಒಂದು ಗುದ್ದು ಹಾಕಿದ. ಮುಂಗುಸಿ ಮುಗ್ಗರಿಸಿ ಬಿದ್ದ. ಪಂಚ ಎಣಿಸಿದ. ಈ ಸಲ ಛಾವಣಿಯಲ್ಲಿ ಯಾರೂ ಎಣಿಸಲಿಲ್ಲ. ಹತ್ತಾಯಿತು. ಮುಂಗುಸಿ ಏಳಲಿಲ್ಲ.

ಹೊಡಿಸಿಕೊಂಡು ಹೊಡಿಸಿಕೊಂಡು ಕಡೆಗೆ ಒಂದೇ ಗುದ್ದು. ರೇವಣಪ್ಪ ಹೇಳಿದ್ದಂತೆಯೇ ನಡೆದಿತ್ತು.

ಎಲ್ಲರ ಕಣ್ಣೂ ಅವನ ಮೇಲೆ. ಅವನ ಎದೆ ಉಬ್ಬಿತು, ಮೀಸೆ ಮೇಲೆದ್ದಿತು. ಆಮೇಲೆ ತನ್ನ ಕೈಗೆ ಮೆತ್ತಿದ ಸಕ್ಕರೆ ಕಾಣಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡಳು ಶಿವಕಾಂತಾ.

ಮನ್ಮಥಪ್ಪನೇ ಮೊದಲು ಬಾಯಿ ತೆರೆದ. ಸಕ್ಕರೆ ಅಷ್ಟೊತ್ತಿಗೆ ತಾನಾಗಿ ಕರಗಿ ಹೋಗಿತ್ತು. "ಬೀಗರ, ನ್ಯಾಯ ಅಂದ್ರ ನ್ಯಾಯ. ಗೆದ್ದಾಂವ ಡೋಂಗರ. ನಿಮ್ಮ ಮಾತೇ ಖರೇ. ಈ ಸಕ್ಕರಿ ನಾ ತಿಂದೇ ಇಲ್ಲಂತ ತಿಳಕೋರಿ."

ರೇವಣಪ್ಪ ಹಿಂದೆ ತಿರುಗಿ ಮಗಳನ್ನು ನೋಡಿದ. ಅವನು ಏನಾದರೂ ಕೇಳುವ ಮೊದಲೇ ಅವಳು ಖಾಲಿ ಬಟ್ಟಲನ್ನು ಸೆರಗಿನ ಹಿಂದೆ ಸರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದನದ ಕಣ್ಣು ನೋಡಿ ಹೊಟ್ಟೆಯೊಳಗಿನದನ್ನು ಹೇಳುವ ಮನುಷ್ಯನಿಗೆ ಇದು ತಿಳಿಯದೇ ಇರುತ್ತದೆಯೇ?

"ನಿನಗ ಗೊತ್ತಿತ್ತು. ಅಂವಾ ಏಳಬಹುದಂತ."

"ಗೊತ್ತಿತ್ತು ಅಪ್ಪಾ."

"ಗೊತ್ತಿದ್ದೂ ಬಟ್ಟಲಾ ಕೊಟ್ಟಿ."

"ಕೊಟ್ಟೆ."

ಗಿರಿಜಾಬಾಯಿ ನಡುವೆ ಬರಲು ಎದ್ದವಳು ಅಲ್ಲೇ ನಿಂತಳು.

"ಇಷ್ಟು ಅವಸರಾ ಇತ್ತೇನವ್ವಾ ನಿನಗ?" ರೇವಣಪ್ಪನ ದನಿ ಇಳಿದಿತ್ತು. "ಅಪ್ಪಗ ಬಾಯಿ ಬಿಟ್ಟು ಹೇಳಬಾರದಿತ್ತೇನು?"

"ಯಾರು ಕೇಳಿದ್ರಪ್ಪಾ?" ಎಂದಳು ಶಿವಕಾಂತಾ. ಸಿಟ್ಟಿನಿಂದ ಅನ್ನಬೇಕೆಂದಿದ್ದಳು, ಅಳು ಬಂತು. "ಎರಡು ವರ್ಷಾತು. ಬಾವಿ ನೋಡಿದ್ರಿ, ಮುಗಲಾ ನೋಡಿದ್ರಿ, ಆ ಊರು ಕಾಣದ ಮಂದಿ ತೊಡಿ ಸುದ್ದಾ ನೋಡಿದ್ರಿ. ನನ್ನ ಮಾರಿ ಯಾರು ನೋಡಿದ್ರು?"

ಹತ್ತು ಹಳ್ಳಿಯ ಹೋರಿಗಳನ್ನು ಪಾರಖು ಮಾಡಿದವನಿಗೆ ಮನೆಯೊಳಗಿನ ಮಗಳ ಮನಸ್ಸು ತಿಳಿದಿರಲಿಲ್ಲ. ರೇವಣಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಎದ್ದ.

"ಸಾವಕಾರ್ರ, ನನ್ನ ಅಂದಾಜು ಖರೇ ಆತು. ಅದು ನನಗ ಸಾಕು. ಸಕ್ಕರಿ ಕೊಟ್ಟಾಂವ ನಾ, ತಿಂದಾವ್ರು ನೀವು. ಅದನ್ನ ಯಾವ ಪಂಚನೂ ತಿರುಗಿಸೂದಿಲ್ಲ. ನೀರಿಂದೇನು, ಟ್ಯಾಂಕರಿಂದೂ ನೀರೇ. ನಿಮ್ಮ ಕಾಲು ನಾನೇ ತೊಳೀತೀನಿ."

ಮನ್ಮಥಪ್ಪ ಎದ್ದು ಬೀಗರನ್ನು ಅಪ್ಪಿಕೊಂಡ. ಜನ ಸೀಟಿ ಹೊಡೆದರು. ವೀರಭದ್ರ ಏನು ಮಾಡಬೇಕೋ ತಿಳಿಯದೆ ಟೀವಿಯ ಸದ್ದು ಕಡಿಮೆ ಮಾಡಲು ಹೋದ. ರೇವಣಪ್ಪ ಕೈಯೆತ್ತಿ ಗದ್ದಲ ನಿಲ್ಲಿಸಿದ. ಮಗಳ ಹತ್ತಿರ ಬಂದ.

"ಈಗ ಕೇಳ್ತೀನವ್ವಾ. ಎಲ್ಲಾರ ಮುಂದ ಕೇಳ್ತೀನಿ. ಲಗ್ನ ಯಾವಾಗ ಮಾಡೂಣು?"

ಶಿವಕಾಂತಾ ಮೂಗು ಒರೆಸಿಕೊಂಡಳು. ನಾಚುತ್ತಾಳೆ, ತಲೆ ತಗ್ಗಿಸುತ್ತಾಳೆ ಎಂದು ಹೆಂಗಸರು ಕಾಯುತ್ತಿದ್ದರು. ಅವಳು ತಲೆ ಎತ್ತಿಯೇ ಹೇಳಿದಳು.

"ಬಸವ ಜಯಂತಿಗಿ. ಮುಂಜಾನಿ ಲಗೂನೇ ಇಡ್ರಿ, ಮಧ್ಯಾಹ್ನಾದ್ರ ಬಿಸಲು ಭಾಳ ಇರ್ತದ. ಊಟಕ್ಕ ಹೋಳಿಗಿ ಬ್ಯಾಡ, ನೀರು ಭಾಳ ಹೋಗ್ತದ. ಲಾಡು ಮಾಡಿಸ್ರಿ. ಪತ್ರಿಕಾ ಛಾಪಿಸೂದೂ ಬ್ಯಾಡ, ಫೋನಿನಾಗೇ ಹೇಳಿದ್ರ ಸಾಕು."

ರೇವಣಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಕೇಳಿದ್ರೇನ್ರೀ ಬೀಗರ?" ಎಂದ. "ಹುಡಿಗಿ ಹೇಳ್ಯಾಳ."